ಒಂದಕ್ಕೆ ಹತ್ತಿದ ಬಣ್ಣ ನಾನೂರಕ್ಕೆ ಹತ್ತದಿದ್ದರೆ

ಒಂದು ಫೋಟೊ ಹಿಡಿದು ಕೂತು ಬೆಳಕು, ಬಣ್ಣ, ನೆರಳು ಎಲ್ಲವನ್ನೂ ಹದಕ್ಕೆ ತಂದಿರುತ್ತೀರಿ. ಅದೇ ಸೆಟ್ಟಿಂಗನ್ನು ಉಳಿದ ನಾನೂರಕ್ಕೂ ಹಚ್ಚಿ, ಎಕ್ಸ್‌ಪೋರ್ಟ್‌ಗೆ ಹಾಕಿ ಮಲಗುತ್ತೀರಿ. ಬೆಳಿಗ್ಗೆ ಫೋಲ್ಡರ್ ತೆರೆದರೆ ಅರ್ಧದಷ್ಟು ಸರಿಯಾಗಿವೆ, ಇನ್ನರ್ಧ ಕ್ಯಾಮೆರಾದಿಂದ ಇಳಿಸಿದ ಹಾಗೇ ಮಂಕಾಗಿ ಕೂತಿವೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಒಂದು ಫೋಟೊದ ಸೆಟ್ಟಿಂಗನ್ನು ಉಳಿದವಕ್ಕೂ ಹಚ್ಚುವ ಸಿಂಕ್ ಬಟನ್ ಕಡೆಗೆ. ದಯವಿಟ್ಟು ಅದನ್ನು ಒತ್ತಬೇಡಿ. ಸೆಟ್ಟಿಂಗ್ ನಿಜಕ್ಕೂ ಅಳಿದುಹೋಗುವುದು ಅಪರೂಪ. ಹೆಚ್ಚಿನ ಸಲ ಅದು ಎಲ್ಲೋ ಒಂದು ಕಡೆ ಭದ್ರವಾಗಿರುತ್ತದೆ. ಗಾಬರಿಯಲ್ಲಿ ನಾವು ಅದರ ಮೇಲೆ ಇನ್ನೊಂದನ್ನು ಬರೆದಾಗಲೇ ಅದು ಕೈಬಿಟ್ಟುಹೋಗುವುದು.

ಲೈಟ್‌ರೂಮ್ ಕ್ಲಾಸಿಕ್, ಕ್ಯಾಮೆರಾ ರಾ, ಡಾರ್ಕ್‌ಟೇಬಲ್, ರಾಥೆರಪಿಯಂಥ ತಂತ್ರಾಂಶಗಳು ನಿಮ್ಮ ರಾ ಫೈಲಿನ, ಅಂದರೆ ಕ್ಯಾಮೆರಾ ಕೊಟ್ಟ ಕಚ್ಚಾ ಫೈಲಿನ, ಚಿತ್ರವನ್ನು ಮುಟ್ಟುವುದೇ ಇಲ್ಲ. ಎಕ್ಸ್‌ಪೋಷರ್ ಇಷ್ಟು ಏರಿಸು, ನೆರಳು ಇಷ್ಟು ತೆರೆ, ಇಲ್ಲಿಗೆ ಕತ್ತರಿಸು ಎಂದು ಒಂದು ಚೀಟಿ ಬರೆದಿಟ್ಟುಕೊಳ್ಳುತ್ತವೆ, ಅಷ್ಟೇ. ಹಾಗಾಗಿ ನಾವು ಹುಡುಕಬೇಕಾದ್ದು ಆ ಚೀಟಿಯನ್ನು. ಅದು ಮುಂದಿನ ಫೋಟೊಗೆ ತಲುಪಲೇ ಇಲ್ಲವೇ? ತಲುಪಿದ ಮೇಲೆ ಬೇರೆಯಾಯಿತೇ? ಅಥವಾ ಎಕ್ಸ್‌ಪೋರ್ಟ್ ಆಗುವಾಗ ಯಾರೂ ಅದನ್ನು ಓದಲಿಲ್ಲವೇ?

ಮೊದಲ ಹೆಜ್ಜೆ: ಕೆಟ್ಟಿರುವ ಒಂದೇ ಒಂದು ಫೋಟೊ ತೆರೆಯಿರಿ

ಫೋಲ್ಡರಿನಲ್ಲಿ ಅಲ್ಲ, ಎಡಿಟ್ ಮಾಡಿದ ತಂತ್ರಾಂಶದಲ್ಲೇ ತೆರೆಯಿರಿ. ಸ್ಲೈಡರ್‌ಗಳು ನೀವು ಇಟ್ಟ ಜಾಗದಲ್ಲೇ ಇದ್ದರೆ ನಿರಾಳವಾಗಿ. ಎಡಿಟ್ ಸುರಕ್ಷಿತವಾಗಿದೆ, ತಪ್ಪು ಎಕ್ಸ್‌ಪೋರ್ಟಿನಲ್ಲಿದೆ. ನೇರವಾಗಿ ಕೊನೆಯ ಹೆಜ್ಜೆಗೆ ಹೋಗಿ.

ಸ್ಲೈಡರ್‌ಗಳು ಸೊನ್ನೆಯಲ್ಲಿ ನಿಂತಿದ್ದರೆ ಹಿಸ್ಟರಿ ಪಟ್ಟಿ ನೋಡಿ. ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್ ಪುಟದಲ್ಲಿ ಅದು ಎಡಗಡೆ ಇದೆ. ಇಂಥ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಸಿಂಕ್ರನೈಸ್ ಅಥವಾ ಪೇಸ್ಟ್ ಎಂಬ ಸಾಲೇ ಅಲ್ಲಿ ಇಲ್ಲದಿದ್ದರೆ ಚೀಟಿ ತಲುಪಿಲ್ಲ. ಆ ಸಾಲು ಇದ್ದು, ಅದರ ಮೇಲೆ ಇನ್ನೊಂದು ಸಾಲು ಬಂದು ಕೂತಿದ್ದರೆ ತಲುಪಿದ್ದನ್ನು ಯಾವುದೋ ಅಳಿಸಿದೆ. ಮೇಲಿನ ಸಾಲು ‘ಫ್ರಮ್ ಮೆಟಾಡೇಟಾ’ ಎಂದಿದ್ದರೆ ಡಿಸ್ಕಿನಲ್ಲಿದ್ದ ಹಳೆಯ ಚೀಟಿಯನ್ನು ಓದಿಕೊಂಡಿದೆ ಎಂದರ್ಥ. ಕೆಳಗಿನ ಸಾಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಎಡಿಟ್ ಹಿಂದಿರುಗುತ್ತದೆ.

ಎರಡನೇ ಹೆಜ್ಜೆ: ಚೀಟಿ ಯಾಕೆ ತಲುಪಲಿಲ್ಲ

ಇಲ್ಲಿ ಕಾರಣಗಳು ಬಹಳ. ಅತಿ ಸಾಮಾನ್ಯವಾದದ್ದು ಆಯ್ಕೆಯದ್ದು. ಲೈಟ್‌ರೂಮ್ ಕ್ಲಾಸಿಕ್‌ನ ಫಿಲ್ಮ್‌ಸ್ಟ್ರಿಪ್‌ನಲ್ಲಿ, ಅಂದರೆ ಕೆಳಗಿನ ಫೋಟೊ ಸಾಲಿನಲ್ಲಿ, ನಾನೂರು ಫೋಟೊ ಆಯ್ದಿದ್ದರೂ ಅವುಗಳಲ್ಲಿ ಒಂದರ ಚೌಕಟ್ಟು ಮಾತ್ರ ಉಳಿದವಕ್ಕಿಂತ ತುಸು ಬೆಳ್ಳಗೆ ಕಾಣುತ್ತದೆ. ಆ ಒಂದೇ ಮೂಲ. ಸಿಂಕ್ ಒತ್ತಿದಾಗ ಸೆಟ್ಟಿಂಗ್ ಹೊರಡುವುದು ಅದರಿಂದ. ತಿದ್ದದ ಫೋಟೊ ಆ ಜಾಗದಲ್ಲಿದ್ದರೆ ಅದರ ಸೊನ್ನೆಗಳೇ ಎಲ್ಲ ಕಡೆ ಹರಡುತ್ತವೆ. ನೀವು ತಿದ್ದಿದ ಫೋಟೊ ಕೂಡ ಅದರಲ್ಲಿ ಸೇರಿ ಹೋಗುತ್ತದೆ. ಆಯ್ಕೆ ಬಿಡದೆ ಮೂಲ ಬದಲಿಸಬೇಕಾದರೆ ಬೇಕಾದ ಫೋಟೊದ ಚಿತ್ರದ ಮೇಲೇ ಕ್ಲಿಕ್ ಮಾಡಬೇಕು. ಸುತ್ತಲಿನ ಬೂದು ಅಂಚಿನ ಮೇಲೆ ಕ್ಲಿಕ್ ಮಾಡಿದರೆ ಆಯ್ಕೆ ಬಿಟ್ಟುಹೋಗುತ್ತದೆ.

ಇನ್ನೊಂದು, ನಾನೂರನ್ನು ಆಯ್ದು ಡೆವಲಪ್ ಪುಟದಲ್ಲಿ ಸ್ಲೈಡರ್ ಎಳೆದರೆ ಸಾಕು ಎಂಬ ನಂಬಿಕೆ. ಒಂದಕ್ಕೆ ಮಾಡಿದ್ದನ್ನು ಆಯ್ದ ಎಲ್ಲಕ್ಕೂ ಆಗಲೇ ಹಚ್ಚುವ ಆಟೊ ಸಿಂಕ್ ಚಾಲೂ ಇಲ್ಲದಿದ್ದರೆ ಬದಲಾಗುವುದು ಕಣ್ಣೆದುರಿನ ಒಂದೇ ಫೋಟೊ. ಲೈಬ್ರರಿ ಪುಟದ ಗ್ರಿಡ್‌ನಲ್ಲಿ ಕ್ವಿಕ್ ಡೆವಲಪ್ ಬಳಸಿದರೆ ಮಾತ್ರ ಆಯ್ದ ಎಲ್ಲವೂ ಬದಲಾಗುತ್ತವೆ. ಈ ವ್ಯತ್ಯಾಸ ಗೊತ್ತಿಲ್ಲದೆ ಗಂಟೆಗಟ್ಟಲೆ ದುಡಿದವರನ್ನು ಕಂಡಿದ್ದೇನೆ, ಪಾಪ.

ಆಮೇಲೆ ಟಿಕ್ ಹಾಕುವ ಡಬ್ಬಿಗಳು. ಕಾಪಿ ಅಥವಾ ಸಿಂಕ್ ಒತ್ತಿದಾಗ ಬರುವ ಕಿಟಕಿ ನೀವು ಕಳೆದ ಸಲ ಹಾಕಿದ ಟಿಕ್‌ಗಳನ್ನೇ ನೆನಪಿಟ್ಟುಕೊಂಡಿರುತ್ತದೆ. ಕಳೆದ ವಾರ ವೈಟ್ ಬ್ಯಾಲೆನ್ಸ್ ಬೇಡವೆಂದು ಟಿಕ್ ತೆಗೆದಿದ್ದರೆ ಇವತ್ತೂ ಅದು ಹೋಗುವುದಿಲ್ಲ. ಅದರಲ್ಲೂ ಕ್ರಾಪ್, ಕಲೆ ತೆಗೆದದ್ದು, ಮಾಸ್ಕ್ (ಚಿತ್ರದ ಒಂದು ಭಾಗಕ್ಕೆ ಮಾತ್ರ ಮಾಡಿದ ತಿದ್ದುಪಡಿ) ಇವು ಮೂರನ್ನು ಪ್ರತಿ ಸಲವೂ ಕಣ್ಣಿಟ್ಟು ನೋಡಿ. ಆಕಾಶ ಅಥವಾ ವ್ಯಕ್ತಿಯನ್ನು ತಾನೇ ಗುರುತಿಸುವ ಎಐ ಮಾಸ್ಕ್ ಆದರೆ ಪ್ರತಿ ಫೋಟೊದಲ್ಲೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕ ಮುಗಿಯುವ ತನಕ ಮಾಸ್ಕ್ ಬಂದಿಲ್ಲವೇನೋ ಎಂಬಂತೆ ಕಾಣಬಹುದು, ಅಪ್‌ಡೇಟ್ ಮಾಡು ಎಂಬ ಸೂಚನೆ ಬಂದರೆ ಒಪ್ಪಿಕೊಳ್ಳಿ.

ರಾ ಮತ್ತು ಜೆಪೆಗ್ ಬೆರೆತ ಫೋಲ್ಡರ್ ಆದರೆ ಅರ್ಧ ಸರಿ, ಅರ್ಧ ತಪ್ಪು ಎಂಬ ಒಗಟು ಅಲ್ಲೇ ಬಿಡಿಸಿಕೊಳ್ಳುತ್ತದೆ. ರಾ ಫೈಲಿನ ವೈಟ್ ಬ್ಯಾಲೆನ್ಸ್ ಕೆಲ್ವಿನ್‌ನಲ್ಲಿ ಇರುತ್ತದೆ, 5200 ಎಂಬಂತೆ. ಜೆಪೆಗ್‌ನಲ್ಲಿ ಅದೇ ಸ್ಲೈಡರ್ ಮೈನಸ್ 100ರಿಂದ ಪ್ಲಸ್ 100ರವರೆಗೆ ಮಾತ್ರ. ಒಂದರ ಅಳತೆ ಇನ್ನೊಂದಕ್ಕೆ ಕೂರುವುದಿಲ್ಲ. ಕ್ಯಾಮೆರಾ ಪ್ರೊಫೈಲ್‌ಗಳೂ ರಾ ಫೈಲಿಗೆ ಮಾತ್ರ. ಲೈಬ್ರರಿ ಫಿಲ್ಟರ್‌ನಲ್ಲಿ ಫೈಲ್ ಟೈಪ್ ಆಯ್ದು ಎರಡನ್ನೂ ಬೇರೆ ಬೇರೆ ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಮೂಲ ಫೋಟೊ ತಿದ್ದಿ ಸಿಂಕ್ ಮಾಡಿ.

ಹಳೆಯ ಫೋಟೊಗಳಲ್ಲಿ ಪ್ರೋಸೆಸ್ ವರ್ಷನ್, ಅಂದರೆ ಚಿತ್ರವನ್ನು ಸಂಸ್ಕರಿಸುವ ವಿಧಾನದ ಆವೃತ್ತಿ ಕೂಡ ತೊಡಕು ತರುತ್ತದೆ. 2010ರ ವರ್ಷನ್‌ನಲ್ಲಿದ್ದ ರಿಕವರಿ, ಫಿಲ್ ಲೈಟ್ ಸ್ಲೈಡರ್‌ಗಳು 2012ರದ್ದರಲ್ಲಿ ಇಲ್ಲ, ಅಲ್ಲಿರುವುದು ಹೈಲೈಟ್ಸ್ ಮತ್ತು ಶ್ಯಾಡೋಸ್. ಕಾಪಿ ಮಾಡುವಾಗ ಪ್ರೋಸೆಸ್ ವರ್ಷನ್ ಡಬ್ಬಿಗೂ ಟಿಕ್ ಇರಲಿ.

ಒಮ್ಮೊಮ್ಮೆ ಎಲ್ಲ ತಲುಪಿಯೂ ತಲುಪದಂತೆ ಕಾಣುತ್ತದೆ. ಕ್ಯಾಮೆರಾ ಆಟೊದಲ್ಲಿದ್ದರೆ ಒಂದೊಂದು ಫ್ರೇಮಿಗೂ ಬೆಳಕಿನ ಅಳತೆ ಬೇರೆ. ಎಲ್ಲಕ್ಕೂ ಪ್ಲಸ್ 0.70 ಕೊಟ್ಟರೆ ಅಂಕಿ ಒಂದೇ ಆಯಿತು, ನೋಟ ಒಂದಾಗಲಿಲ್ಲ. ಡೆವಲಪ್ ಪುಟದ ಸೆಟ್ಟಿಂಗ್ಸ್ ಮೆನುವಿನಲ್ಲಿ ‘ಮ್ಯಾಚ್ ಟೋಟಲ್ ಎಕ್ಸ್‌ಪೋಷರ್ಸ್’ ಇರುವುದು ಇದಕ್ಕಾಗಿಯೇ.

ಡಾರ್ಕ್‌ಟೇಬಲ್ ಬಳಸುವವರು ಪೇಸ್ಟ್ ಮಾಡುವ ಮುನ್ನ ಅಪೆಂಡ್ ಇದೆಯೋ ಓವರ್‌ರೈಟ್ ಇದೆಯೋ ನೋಡಿಕೊಳ್ಳಿ. ಅಪೆಂಡ್ ಆದರೆ ಫೋಟೊದಲ್ಲಿದ್ದ ಹಳೆಯ ತಿದ್ದುಪಡಿಗಳು ಉಳಿದು ಅವುಗಳ ಮೇಲೆ ಹೊಸದು ಸೇರುತ್ತದೆ, ಓವರ್‌ರೈಟ್ ಆದರೆ ಹಳೆಯದೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ.

ಮೂರನೇ ಹೆಜ್ಜೆ: ಚೀಟಿ ಎಲ್ಲಿ ಬೇರೆಯಾಯಿತು

ಒಮ್ಮೆ ನಾನು ಜಾಗ ಸಾಲದೆ ಒಂದಿಡೀ ಕಾರ್ಯಕ್ರಮದ ಫೋಟೊಗಳನ್ನು ಬೇರೆ ಡಿಸ್ಕಿಗೆ ದಾಟಿಸಿದೆ. ಫೋಲ್ಡರಿನಲ್ಲಿ ಪ್ರತಿ ರಾ ಫೈಲಿನ ಪಕ್ಕ ಅದೇ ಹೆಸರಿನ, ಕೆಲವೇ ಕೆಬಿ ತೂಕದ ಪುಟ್ಟ ಫೈಲುಗಳಿದ್ದವು. ಏನೋ ಕಸ ಎಂದುಕೊಂಡು ದೊಡ್ಡವನ್ನು ಮಾತ್ರ ಕಾಪಿ ಮಾಡಿ ಹಳೆಯ ಫೋಲ್ಡರ್ ಅಳಿಸಿಬಿಟ್ಟೆ. ಮೂರು ರಾತ್ರಿಯ ಕೆಲಸ ಇದ್ದದ್ದು ಆ ಪುಟ್ಟ ಫೈಲುಗಳಲ್ಲಿ. ಅವು ಎಕ್ಸ್‌ಎಂಪಿ ಫೈಲುಗಳು, ಅವೇ ನಾನು ಹೇಳುತ್ತಿರುವ ಚೀಟಿಗಳು. ಅಂಥ ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಸಾಲು ಸಾಲಾಗಿ ಎಕ್ಸ್‌ಪೋಷರ್, ಕಾಂಟ್ರಾಸ್ಟ್, ಅದರ ಮುಂದೆ ನೀವೇ ಇಟ್ಟ ಅಂಕಿ ಓದಲು ಸಿಗುತ್ತದೆ. ಒಮ್ಮೆ ಹಾಗೆ ನೋಡಿದವರು ಮತ್ತೆಂದೂ ಅದನ್ನು ಅಳಿಸುವುದಿಲ್ಲ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚೀಟಿ ಮೊದಲು ಹೋಗುವುದು ಕ್ಯಾಟಲಾಗ್‌ಗೆ, ಅಂದರೆ ಆ ತಂತ್ರಾಂಶದ ಸ್ವಂತ ದಾಖಲೆ ಫೈಲಿಗೆ. ಎಕ್ಸ್‌ಎಂಪಿಗೆ ಬರೆಯಬೇಕಾದರೆ ಫೋಟೊಗಳನ್ನು ಆಯ್ದು ಕಂಟ್ರೋಲ್ ಮತ್ತು ಎಸ್ ಒತ್ತಬೇಕು, ಇಲ್ಲವೇ ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗದಲ್ಲಿ ತಾನಾಗಿ ಬರೆಯುವ ಆಯ್ಕೆಗೆ ಟಿಕ್ ಹಾಕಿರಬೇಕು. ಜೆಪೆಗ್, ಟಿಫ್, ಡಿಎನ್‌ಜಿ ಆದರೆ ಪಕ್ಕದ ಫೈಲ್ ಇರುವುದಿಲ್ಲ, ಚೀಟಿ ಫೈಲಿನೊಳಗೇ ಸೇರುತ್ತದೆ. ವರ್ಚುವಲ್ ಕಾಪಿ, ಕಲೆಕ್ಷನ್, ಹಿಸ್ಟರಿ ಮಾತ್ರ ಎಕ್ಸ್‌ಎಂಪಿಗೆ ಹೋಗುವುದಿಲ್ಲ. ಅವುಗಳಿಗೆ ಕ್ಯಾಟಲಾಗ್ ಒಂದೇ ಗತಿ. ರಾಥೆರಪಿಯ ಚೀಟಿಯ ಹೆಸರು ಪಿಪಿ3 ಎಂದು ಕೊನೆಯಾಗುತ್ತದೆ. ಒಂದರ ಚೀಟಿಯಲ್ಲಿನ ತಿದ್ದುಪಡಿಯನ್ನು ಇನ್ನೊಂದು ಪೂರ್ತಿ ಓದುತ್ತದೆ ಎಂದು ನಂಬಿ ತಂತ್ರಾಂಶ ಬದಲಿಸಬೇಡಿ.

ಫೋಟೊಗಳ ಹೆಸರು ಬದಲಿಸುವುದು, ಜಾಗ ಬದಲಿಸುವುದು ಏನೇ ಇದ್ದರೂ ತಂತ್ರಾಂಶದ ಒಳಗಿಂದಲೇ ಮಾಡಿ. ಆಗ ಚೀಟಿಯೂ ಜೊತೆಗೆ ಹೋಗುತ್ತದೆ.

ಈಗ ಅತಿ ಎಚ್ಚರ ಬೇಕಾದ ಜಾಗ. ಒಂದೇ ಫೋಟೊವನ್ನು ಎರಡು ತಂತ್ರಾಂಶದಲ್ಲಿ ಮುಟ್ಟಿದ್ದರೆ ಥಂಬ್‌ನೇಲ್ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಕಾಣಬಹುದು. ಕ್ಲಿಕ್ ಮಾಡಿದರೆ ಕಿಟಕಿಯೊಂದು ಬಂದು ಪ್ರಶ್ನೆ ಕೇಳುತ್ತದೆ: ಡಿಸ್ಕಿನಿಂದ ಸೆಟ್ಟಿಂಗ್ ತರಲೇ, ಅಥವಾ ಡಿಸ್ಕಿನದ್ದರ ಮೇಲೆ ಬರೆಯಲೇ? ಮೊದಲನೆಯದನ್ನು ಒತ್ತಿದರೆ ಕ್ಯಾಟಲಾಗ್‌ನ ಎಡಿಟ್ ಬದಿಗೆ ಸರಿಯುತ್ತದೆ, ಎರಡನೆಯದನ್ನು ಒತ್ತಿದರೆ ಎಕ್ಸ್‌ಎಂಪಿಯಲ್ಲಿದ್ದದ್ದು ಹೋಗುತ್ತದೆ. ಯಾವ ಕಡೆಯದ್ದು ಸರಿ ಎಂದು ಖಾತ್ರಿ ಇಲ್ಲದಿದ್ದರೆ ಕ್ಯಾನ್ಸಲ್ ಒತ್ತಿ ಹೊರಬನ್ನಿ. ಎಕ್ಸ್‌ಎಂಪಿ ಫೈಲುಗಳನ್ನೂ ಕ್ಯಾಟಲಾಗ್ ಫೈಲನ್ನೂ ಬೇರೆ ಫೋಲ್ಡರಿಗೆ ಕಾಪಿ ಮಾಡಿಟ್ಟು, ಒಂದೇ ಫೋಟೊದ ಮೇಲೆ ಪ್ರಯೋಗ ಮಾಡಿ. ನಾನೂರನ್ನೂ ಆಯ್ದು ಈ ಬಟನ್ ಒತ್ತುವುದು ಮಾತ್ರ ಬೇಡವೇ ಬೇಡ.

ಕೊನೆಯ ಹೆಜ್ಜೆ: ಎಕ್ಸ್‌ಪೋರ್ಟ್

ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಫೈಲ್ ಫಾರ್ಮ್ಯಾಟ್ ‘ಒರಿಜಿನಲ್’ ಎಂದಿದ್ದರೆ ಮೂಲ ಫೈಲೇ ಹೊರಬರುತ್ತದೆ, ತಿದ್ದುಪಡಿ ಚಿತ್ರದ ಮೇಲೆ ಇಳಿಯುವುದಿಲ್ಲ. ಜೆಪೆಗ್ ಅಥವಾ ಟಿಫ್ ಆರಿಸಿ. ಕಲರ್ ಸ್ಪೇಸ್, ಅಂದರೆ ಫೈಲ್ ಹಿಡಿದಿಡುವ ಬಣ್ಣಗಳ ವ್ಯಾಪ್ತಿ ಕೂಡ ನೋಡಿ. ಪ್ರೊಫೋಟೊ ಅಥವಾ ಅಡೋಬಿ ಆರ್‌ಜಿಬಿ ಇದ್ದರೆ ಬಣ್ಣ ನಿರ್ವಹಿಸದ ವ್ಯೂವರ್‌ನಲ್ಲಿ ಫೋಟೊ ಸಪ್ಪೆಯಾಗಿ ಕಾಣುತ್ತದೆ. ಪರದೆಗೆ, ಮೊಬೈಲಿಗೆ ಎಸ್‌ಆರ್‌ಜಿಬಿ ಸಾಕು.

ಫೋಟೊಶಾಪ್ ಬ್ಯಾಚ್‌ನ ಕಥೆ ಸ್ವಲ್ಪ ಬೇರೆ. ಆಕ್ಷನ್ (ಒಮ್ಮೆ ರೆಕಾರ್ಡ್ ಮಾಡಿ ಮತ್ತೆ ಮತ್ತೆ ನಡೆಸುವ ಹೆಜ್ಜೆಗಳ ಸರಣಿ) ರೆಕಾರ್ಡ್ ಮಾಡುವಾಗ ರಾ ಫೈಲ್ ತೆರೆದರೆ ಆ ಒಂದು ಫೋಟೊದ ಕ್ಯಾಮೆರಾ ರಾ ಸೆಟ್ಟಿಂಗ್ ಕೂಡ ರೆಕಾರ್ಡ್ ಆಗಿ, ಮುಂದಿನ ಎಲ್ಲದಕ್ಕೂ ಅದೇ ಹತ್ತುತ್ತದೆ. ರೆಕಾರ್ಡ್ ಮಾಡುವ ಮುನ್ನ ಕ್ಯಾಮೆರಾ ರಾ ಸೆಟ್ಟಿಂಗ್ಸ್ ಮೆನುವಿನಲ್ಲಿ ‘ಇಮೇಜ್ ಸೆಟ್ಟಿಂಗ್ಸ್’ ಆರಿಸಿದರೆ ಪ್ರತಿ ಫೋಟೊದ ಸ್ವಂತ ಎಡಿಟ್ ಉಳಿಯುತ್ತದೆ. ಬ್ಯಾಚ್ ಕಿಟಕಿಯಲ್ಲಿ ‘ಓವರ್‌ರೈಡ್ ಆಕ್ಷನ್ ಓಪನ್ ಕಮಾಂಡ್ಸ್’ಗೆ ಟಿಕ್ ಹಾಕುವುದು ಆಕ್ಷನ್‌ನಲ್ಲಿ ಓಪನ್ ಹೆಜ್ಜೆ ಇದ್ದಾಗ ಮಾತ್ರ. ಆ ಹೆಜ್ಜೆ ಇಲ್ಲದೆ ಟಿಕ್ ಹಾಕಿದರೆ ಬ್ಯಾಚ್ ನಿಮ್ಮ ಫೋಟೊಗಳನ್ನು ತೆರೆಯುವುದೇ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಾನೂರನ್ನು ಮುಟ್ಟುವ ಮುನ್ನ ಮೂರು ಫೋಟೊ ಆರಿಸಿ: ಬೆಳಕಿನದ್ದೊಂದು, ಕತ್ತಲಿನದ್ದೊಂದು, ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ ತೆಗೆದದ್ದೊಂದು. ಅವಕ್ಕೆ ಸಿಂಕ್ ಮಾಡಿ, ಎಕ್ಸ್‌ಪೋರ್ಟ್ ಮಾಡಿ, ತಂತ್ರಾಂಶದ ಹೊರಗೆ ತೆರೆದು ನೋಡಿ. ಮೂರೂ ಸರಿ ಬಂದರೆ ಉಳಿದವನ್ನು ಸೇರಿಸಿ. ಕೆಲಸ ಮುಗಿದ ಕೂಡಲೇ ಆಟೊ ಸಿಂಕ್ ಆಫ್ ಮಾಡಿ, ಆಯ್ಕೆ ಬಿಡಿಸಿ. ಅದು ಚಾಲೂ ಉಳಿದಿದ್ದರೆ ಮುಂದೆ ಒಂದು ಫೋಟೊದ ಅಂಚು ಕತ್ತರಿಸಿದಾಗ ಆಯ್ದ ನಾನೂರರ ಅಂಚೂ ಕತ್ತರಿಸಿಹೋಗುತ್ತದೆ.