ರಾಮನವಮಿಯ ಸಂಗೀತ ಕಚೇರಿಗೆ ಹೊಟ್ಟೆ ಎಷ್ಟು ತುಂಬಿರಬೇಕು

ಅರ್ಧ. ಅದಕ್ಕಿಂತ ಒಂದು ಇಡ್ಲಿ ಹೆಚ್ಚಾದರೂ, ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ನಿಧಾನಕ್ಕೆ ಬಿಡಿಸುವ ಆಲಾಪನೆಯ ಹೊತ್ತಿಗೆ ಕಣ್ಣು ಎಳೆಯತೊಡಗುತ್ತದೆ. ಇದು ತಿಳಿಯಲು ನನಗೆ ಒಂದು ಇಡೀ ಸಂಜೆ ಹೋಯಿತು. ಆ ದಿನ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಮಸಾಲೆದೋಸೆ, ಮೇಲೊಂದು ಕಾಯಿ ಹೋಳಿಗೆ, ಅದರ ಮೇಲೆ ಗುಲ್ಕನ್ ಹಾಕಿದ ಐಸ್‌ಕ್ರೀಮು ತಿಂದು ಪೆಂಡಾಲಿಗೆ ಹೋಗಿ ಕೂತೆ. ಗಾಯಕಿ ಕಲ್ಯಾಣಿ ರಾಗ ಎತ್ತಿಕೊಂಡದ್ದು ನೆನಪಿದೆ, ಮುಗಿಸಿದ್ದು ನೆನಪಿಲ್ಲ. ನೀವು ಹಾಗೆ ಒಂದು ಕಲ್ಯಾಣಿಯನ್ನು ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನೂರು ದಾವಣಗೆರೆ. ಕನ್ನಡ ಎಂ.ಎ. ಮುಗಿಸಿ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅಲ್ಲೇ ಎರಡು ರಸ್ತೆ ಆಚೆ ಪಿಜಿ. ಸಂಗೀತ ಕಲಿತವಳಲ್ಲ. ನಮ್ಮ ಮನೆಯಲ್ಲಿ ಹಾಡು ಅಂದರೆ ಅಜ್ಜಿ ಶನಿವಾರ ದೀಪ ಹಚ್ಚುವಾಗ ಹೇಳುತ್ತಿದ್ದ ದಾಸರ ಪದ, ಅಷ್ಟೇ. ಬೆಂಗಳೂರಿನ ಮೊದಲ ಬೇಸಿಗೆಯಲ್ಲಿ ಆಫೀಸಿನಿಂದ ನಾಲ್ಕೂವರೆಗೆ ಹೊರಬಿದ್ದರೆ ಸಂಜೆ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ನಮ್ಮ ಪ್ರೆಸ್ಸಿನ ಹಿರಿಯರೊಬ್ಬರು, ‘ಕೋಟೆ ಹೈಸ್ಕೂಲಿಗೆ ಹೋಗಮ್ಮ, ಇವತ್ತು ಪಿಟೀಲು ಚೆನ್ನಾಗಿದೆ’ ಅಂದರು. ಆ ವರ್ಷ 17 ಸಂಜೆ ಹೋದೆ.

ಮೊದಲು ಜಾಗ ಗೊತ್ತಿರಲಿ. ಚೈತ್ರ ಮಾಸ ಬಂತೆಂದರೆ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ರಾಮೋತ್ಸವದ ಕಚೇರಿಗಳು ಏಳುತ್ತವೆ. ಎಲ್ಲಕ್ಕೂ ದೊಡ್ಡದು ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯದು. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರು ಮಾಡಿದ್ದು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ, ದೊರೆಸ್ವಾಮಿ ಅಯ್ಯಂಗಾರ್ ವೀಣೆ ನುಡಿಸಿದ್ದಾರೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಪೆಂಡಾಲು, ಹೆಚ್ಚುಕಡಿಮೆ ಒಂದು ತಿಂಗಳು, ದಿನವೂ ಸಂಜೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ವಾಣಿವಿಲಾಸ ಆಸ್ಪತ್ರೆ ಎಲ್ಲಿ ಅಂತ ಕೇಳಿಕೊಂಡು ನಡೆಯಿರಿ. ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ, ಹೈಸ್ಕೂಲು ಎಲ್ಲ ಅಕ್ಕಪಕ್ಕ. ಬಸ್ಸಾದರೆ ಮಾರುಕಟ್ಟೆಗೆ ಎಲ್ಲ ಕಡೆಯಿಂದಲೂ ಇದೆ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲವಲ್ಲ, ನನ್ನ ತಿಂಡಿಯ ಖರ್ಚಿಗೆ ಅದೇ ಆಧಾರವಾಯಿತು. ಟಿಕೆಟ್, ಪಾಸುಗಳ ಏರ್ಪಾಡು ವರ್ಷದಿಂದ ವರ್ಷಕ್ಕೆ, ಕಲಾವಿದರಿಂದ ಕಲಾವಿದರಿಗೆ ಬದಲಾಗುತ್ತದೆ. ಆ ವರ್ಷದ ಆಹ್ವಾನ ಪತ್ರಿಕೆ ಸಿಕ್ಕ ದಿನವೇ ನೋಡಿ ಗುರುತು ಹಾಕಿಕೊಳ್ಳಿ. ನಿಮ್ಮ ಬೀದಿಯ ದೇವಸ್ಥಾನದ ಕಚೇರಿಗಳನ್ನೂ ಬಿಡಬೇಡಿ. ಅಲ್ಲಿ ಮೂರನೇ ಸಾಲಿನಲ್ಲಿ ಕೂತರೆ ಹಾಡುವವರ ಉಸಿರು ಕೇಳಿಸುತ್ತದೆ.

ಈಗ ತಿಂಡಿ. ನನ್ನ ಲೆಕ್ಕ ಇದು: ಕಚೇರಿಗೆ ಮುಂಚೆ ಆವಿಯಲ್ಲಿ ಬೆಂದದ್ದು, ಆಮೇಲೆ ಕಾವಲಿಯ ಮೇಲೆ ಬೆಂದದ್ದು.

ಮುಂಚೆ ಅಂದರೆ ಐದು ಗಂಟೆಗೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇಷ್ಟನ್ನೇ ನೆಚ್ಚಿಕೊಂಡ ಜಾಗ. ಸಾಂಬಾರ್ ಇಲ್ಲ. ಮೊದಲ ಸಲ ನಾನು ಸಾಂಬಾರ್ ಕೇಳಿದಾಗ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಇಲ್ಲಿ ಚಟ್ನಿಯೇ ಎಲ್ಲ. ತಟ್ಟೆ ಹಿಡಿದು ಹೋದಷ್ಟು ಸಲವೂ ಹಾಕುತ್ತಾರೆ, ಇಡ್ಲಿ ಅದರಲ್ಲಿ ಮುಳುಗಬೇಕು. ನಿಂತೇ ತಿನ್ನಬೇಕು. ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ, ಅಲ್ಲಿಗೆ ನಿಲ್ಲಿಸಿ. ಭಾನುವಾರ ರಜೆ, ಮಧ್ಯಾಹ್ನ ಮುಚ್ಚಿರುತ್ತದೆ, ರಾತ್ರಿಯವರೆಗೂ ತೆರೆದಿರುವುದಿಲ್ಲ. ಆದ್ದರಿಂದ ಇದನ್ನು ಕಚೇರಿ ಮುಗಿದ ಮೇಲೆ ಅಂತ ಇಟ್ಟುಕೊಳ್ಳಬೇಡಿ. ಅಲ್ಲಿಂದ ಕೋಟೆ ಹೈಸ್ಕೂಲಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷದ ನಡಿಗೆ. ಆಟೊ ಹತ್ತಬೇಡಿ. ತಿಂದದ್ದು ಇಳಿಯುವುದೂ ಬಿಸಿಲು ಇಳಿಯುವುದೂ ಒಂದೇ ಹೊತ್ತಿಗೆ ಆಗುತ್ತದೆ; ದಾರಿಯುದ್ದಕ್ಕೂ ಮಲ್ಲಿಗೆ ಕಟ್ಟುತ್ತಾ ಕೂತವರು ಸಿಗುತ್ತಾರೆ, ಒಂದು ಮೊಳ ಮುಡಿದುಕೊಂಡೇ ಒಳಗೆ ಹೋಗಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ. 1943ರ ಹೋಟೆಲು, ಶುಕ್ರವಾರ ಬಾಗಿಲು ಹಾಕಿರುತ್ತದೆ, ಭಾನುವಾರ ಬೆಳಿಗ್ಗೆ ಕಾಯುವವರು ಬೀದಿಯವರೆಗೂ ನಿಂತಿರುತ್ತಾರೆ. ಬೆಣ್ಣೆದೋಸೆಯ ಊರಿನವಳಾದ ನನಗೆ ಇಲ್ಲಿಯ ದೋಸೆಯನ್ನು ಒಪ್ಪಿಕೊಳ್ಳಲು ಮೂರು ಭೇಟಿ ಬೇಕಾಯಿತು. ನಮ್ಮ ಕಡೆಯ ದೋಸೆ ಮೆತ್ತಗೆ, ಬೆಣ್ಣೆ ಮೇಲೇ ಕರಗುತ್ತಿರುತ್ತದೆ, ಆಲೂಗಡ್ಡೆ ಪಲ್ಯ ಬಿಳಿಯದು. ಇಲ್ಲಿಯದು ದಪ್ಪ, ಕಡುಕೆಂಪು, ಮುರಿದರೆ ಸದ್ದಾಗುತ್ತದೆ, ಒಳಗೆ ಮಾತ್ರ ಹತ್ತಿಯ ಹಾಗೆ. ತೋಳಿನ ಮೇಲೆ ತಟ್ಟೆಗಳ ಸಾಲು ಜೋಡಿಸಿಕೊಂಡು ಬರುವವರನ್ನು ನೋಡಲಿಕ್ಕಾದರೂ ಒಳಕೋಣೆಯಲ್ಲಿ ಜಾಗ ಹಿಡಿಯಿರಿ. ನೀರು ಚಟ್ನಿಯನ್ನು ದೋಸೆಯ ಮೇಲೆ ಸುರಿದುಕೊಳ್ಳಬೇಡಿ, ಗರಿ ಹೋಗುತ್ತದೆ. ಮುರಿದು ಅದ್ದಿ.

ರಾಮನವಮಿಯ ದಿನವೇ ಆದರೆ ಯಾವ ಹೋಟೆಲೂ ಬೇಡ. ಬೀದಿ ಬೀದಿಯಲ್ಲೂ ಪಾನಕ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಕೊಡುತ್ತಿರುತ್ತಾರೆ. ಕೆಲವು ಕಡೆ ಕರಬೂಜದ ಪಾನಕವೂ ಉಂಟು. ದೊನ್ನೆಯಲ್ಲಿ ಕೊಟ್ಟ ಕೋಸಂಬರಿಯನ್ನು ನಿಂತಲ್ಲೇ ತಿನ್ನಿ. ಇಟ್ಟರೆ ಸೌತೆಕಾಯಿ ನೀರು ಬಿಡುತ್ತದೆ. ಮಿಕ್ಕ ದಿನಗಳಿಗೆ ಪಾನಕವನ್ನು ನಾನೇ ಮಾಡಿ ಬಾಟಲಿಯಲ್ಲಿ ಒಯ್ಯುತ್ತಿದ್ದೆ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಕುಟ್ಟಿದ ಮೂರು ಏಲಕ್ಕಿ, ಆರು ಕಾಳು ಮೆಣಸು, ಅರ್ಧ ಚಮಚ ಒಣಶುಂಠಿ ಪುಡಿ, ಚಿಟಿಕೆ ಉಪ್ಪು. ಬೆಲ್ಲ ಕರಗಿದ ಮೇಲೆ ಸೋಸುವುದನ್ನು ಮರೆಯಬೇಡಿ. ಪೆಂಡಾಲಿನೊಳಗಿನ ಸೆಕೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಎಲ್ಲಿ ಕೂರಬೇಕು? ವೇದಿಕೆಯಲ್ಲಿ ಹಾಡುವವರು ನಡುವೆ, ಸಾಮಾನ್ಯವಾಗಿ ನಮ್ಮ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು. ಹೊಸಬರು ಎಡಗಡೆ ಕೂರಿ ಅನ್ನುತ್ತೇನೆ. ರಾಗ ಗುರುತಾಗುವುದಕ್ಕೆ ಎಷ್ಟೋ ಮುಂಚೆ ಲಯ ಹಿಡಿಯುತ್ತದೆ, ಬಡಿಯುವ ಕೈ ಕಣ್ಣಿಗೆ ಕಾಣುತ್ತಿದ್ದರೆ ಇನ್ನೂ ಬೇಗ. ಧ್ವನಿವರ್ಧಕದ ನೇರಕ್ಕೆ ಬೇಡ. ಕಂಬದ ಹಿಂದೆ ಬೇಡ. ಏಪ್ರಿಲ್ ಕೊನೆಯಲ್ಲಿ ಸಂಜೆ ಗುಡುಗು ಮಳೆ ಬಂದೇ ಬರುತ್ತದೆ, ಪೆಂಡಾಲಿನ ಅಂಚಿನ ಕುರ್ಚಿಗಳು ನೆನೆಯುತ್ತವೆ. ಕೊಡೆಯ ಜೊತೆ ಕುರ್ಚಿ ಒರೆಸಲು ಒಂದು ಹಳೇ ಟವೆಲು ಇರಲಿ. ಒಂದು ಸಂಜೆ ಮಳೆಯ ಸದ್ದಿಗೆ ಏನೂ ಕೇಳದಂತಾದಾಗ ಗಾಯಕರು ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿ ತಂಬೂರಿಗೆ ಇನ್ನಷ್ಟು ಹತ್ತಿರ ಬಾಗಿದರು. ಮಳೆ ತೆಳುವಾಗುತ್ತಾ ಬಂದ ಹಾಗೆ ಆ ಧ್ವನಿ ಒಳಗಿನಿಂದ ಏಳುತ್ತಾ ಬಂತು. ಕುರ್ಚಿಗಳನ್ನು ನಡುವಿಗೆ ಎಳೆದುಕೊಂಡು ನಾವೆಲ್ಲ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆವು.

ತಾಳ ಹಾಕಲು ಕಲಿಯಿರಿ, ಅದೊಂದೇ ಸಾಕು. ನನಗೆ ಕಲಿಸಿದವರು ಪಕ್ಕದ ಕುರ್ಚಿಯ ಅಜ್ಜಿಯೊಬ್ಬರು. ನಾನು ತೊಡೆಯ ಮೇಲೆ ಸುಮ್ಮನೆ ತಟ್ಟುತ್ತಿದ್ದುದನ್ನು ನೋಡಿ ನನ್ನ ಕೈ ಹಿಡಿದು, ‘ಕಿರುಬೆರಳಿಂದ ಶುರು ಮಾಡು ಮಗಳೇ’ ಅಂದರು. ಆದಿತಾಳಕ್ಕೆ ಎಂಟು ಎಣಿಕೆ. ಅಂಗೈ ಕೆಳಗಾಗಿ ಒಂದು ತಟ್ಟು. ಕಿರುಬೆರಳು, ಉಂಗುರ ಬೆರಳು, ನಡುಬೆರಳು, ನಾಲ್ಕಾಯಿತು. ಆಮೇಲೆ ಒಂದು ತಟ್ಟು, ಅಂಗೈ ತಿರುಗಿಸಿ ಒಂದು ಬೀಸು. ಮತ್ತೊಂದು ತಟ್ಟು, ಮತ್ತೊಂದು ಬೀಸು. ಎಂಟು. ತಪ್ಪಿದರೆ ಗಾಬರಿಯಾಗಬೇಡಿ, ಮುಂದಿನ ಸಾಲಿನ ಹಿರಿಯರ ಕೈ ನೋಡಿ ಸೇರಿಕೊಳ್ಳಿ. ಕೈ ಒಂದು ಕಡೆ ನೆಲೆಗೊಂಡ ಮೇಲೆ ಹಾಡು ಎಣಿಕೆಯ ಮೇಲೇ ಶುರುವಾಗುವುದೂ, ಕೆಲವು ಸಲ ಅರ್ಧ ಎಣಿಕೆ ಬಿಟ್ಟು ಶುರುವಾಗುವುದೂ ತಾನಾಗಿ ತಿಳಿಯುತ್ತದೆ.

ಕಚೇರಿ ವರ್ಣ ಅನ್ನುವ ಒಂದು ಬಗೆಯ ರಚನೆಯಿಂದಲೋ ಗಣೇಶನ ಮೇಲಿನ ಕೃತಿಯಿಂದಲೋ ಶುರುವಾಗಿ, ಸಣ್ಣ ಕೃತಿಗಳನ್ನು ದಾಟಿ, ಸುಮಾರು ನಡುವೆ ದೊಡ್ಡ ರಾಗಕ್ಕೆ ಬರುತ್ತದೆ. ಆಲಾಪನೆ, ಕೃತಿ, ಒಂದೇ ಸಾಲನ್ನು ನಾನಾ ಬಗೆಯಲ್ಲಿ ಬೆಳೆಸುವ ನೆರವಲ್, ಸರಿಗಮಗಳಲ್ಲೇ ಹಾಡುವ ಸ್ವರ, ಆಮೇಲೆ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ. ಈ ತನಿ ಶುರುವಾದೊಡನೆ ಎಷ್ಟೋ ಜನ ಕಾಫಿಗೆ ಎದ್ದು ಹೋಗುತ್ತಾರೆ. ನನಗೆ ನಿಜವಾಗಿ ನೋವಾಗುವ ವಿಷಯ ಇದು. ಅಷ್ಟು ಹೊತ್ತು ಇನ್ನೊಬ್ಬರ ಹಾಡಿಗೆ ಒತ್ತಾಸೆಯಾಗಿ ನುಡಿಸಿದ ಮೃದಂಗದವರು, ಘಟದವರು ತಮ್ಮ ಮಾತು ಆಡುವುದೇ ಆ ಹದಿನೈದು ನಿಮಿಷದಲ್ಲಿ. ಕೂತು ಕೇಳಿ. ಒಬ್ಬರು ಉದ್ದಕ್ಕೆ ನುಡಿಸುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ, ಸರದಿ ಬರಬರುತ್ತಾ ಚಿಕ್ಕದಾಗುತ್ತದೆ, ಕೊನೆಗೆ ಇಬ್ಬರೂ ಒಟ್ಟಿಗೆ. ಮುಗಿಸುವಾಗ ಒಂದೇ ಮುಕ್ತಾಯವನ್ನು ಮೂರು ಸಲ ನುಡಿಸಿ, ಹಾಡಿನ ಸಾಲು ಎಲ್ಲಿ ಎತ್ತಿಕೊಳ್ಳುತ್ತದೋ ಸರಿಯಾಗಿ ಅಲ್ಲಿಗೆ ಬಂದು ಇಳಿಯುತ್ತಾರೆ. ನಿಮ್ಮ ಕೈಯಲ್ಲಿ ತಾಳ ಇದ್ದರೆ ಆ ಇಳಿಯುವ ಕ್ಷಣ ಎದೆಗೆ ತಾಗುತ್ತದೆ. ಏಳನೆಯದೋ ಎಂಟನೆಯದೋ ಸಂಜೆ ಅದು ನನಗೆ ಮೊದಲ ಸಲ ತಾಗಿ, ಯಾರಿಗೂ ಮುಂಚೆ ಚಪ್ಪಾಳೆ ಹೊಡೆದೆ.

ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾ ಕೂರಬೇಡಿ, ಹಿಂದಿನವರಿಗೆ ಬೆಳಕು ಹೊಡೆಯುತ್ತದೆ. ಬದಲು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ರಾಗದ ಹೆಸರು, ಆ ದಿನ ತಿಂದದ್ದು, ಖರ್ಚಾದದ್ದು ಬರೆಯಿರಿ. ನನ್ನ ಪುಟಗಳಲ್ಲಿ ಮೋಹನ ರಾಗದ ಪಕ್ಕ ‘ಖಾರಾಬಾತ್, ಗೋಡಂಬಿ ಒಂದು’ ಅಂತಿದೆ. ಮೋಹನ ಈಗ ಎಲ್ಲಿ ಕೇಳಿದರೂ ಗುರುತಾಗುತ್ತದೆ.

ಪಿಜಿಯಲ್ಲಿರುವವರು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಒಂಬತ್ತೂವರೆಗೆ ಗೇಟಿಗೆ ಬೀಗ. ಮೊದಲ ವಾರ ಆ ಭಯಕ್ಕೆ ಒಂಬತ್ತಕ್ಕೇ ಎದ್ದು ಬರುತ್ತಿದ್ದೆ. ಒಂದು ದಿನ ಮೈದಾನದ ಗೇಟಿನ ಹತ್ತಿರ ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದಾಗ ಒಳಗಿನಿಂದ ದಾಸರ ಪದ ಕೇಳಿಸಿತು, ನಮ್ಮಜ್ಜಿ ಹೇಳುತ್ತಿದ್ದುದೇ. ದೇವರನಾಮಗಳು ಬರುವುದು ಕೊನೆಯಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಪಿಜಿ ಆಂಟಿಗೆ ಆಹ್ವಾನ ಪತ್ರಿಕೆ ತೋರಿಸಿ ಹತ್ತೂವರೆಯವರೆಗೆ ಅನುಮತಿ ಕೇಳಿದೆ. ಒಂದು ಷರತ್ತು ಹಾಕಿ ಒಪ್ಪಿದರು: ಶನಿವಾರ ಅವರನ್ನೂ ಕರೆದುಕೊಂಡು ಹೋಗಬೇಕು.

ಕಚೇರಿ ಮುಗಿಸುವ ಮಂಗಳ ಆಗುವವರೆಗೂ ಇದ್ದು, ಆಮೇಲೆ ಸಜ್ಜನ್‌ರಾವ್ ವೃತ್ತದ ಕಡೆಗೆ ಹೊರಡಿ. ವಿ.ವಿ. ಪುರದ ತಿಂಡಿ ಬೀದಿ ಸಂಜೆಗೇ ಹುಟ್ಟುವ ಬೀದಿ, ರಾತ್ರಿ ಆ ಹೊತ್ತಿಗೂ ಕಾವಲಿಗಳು ಬಿಸಿ ಇರುತ್ತವೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಮಾರುಕಟ್ಟೆಯ ಒಳದಾರಿ ಹಿಡಿಯದೆ ದೊಡ್ಡ ರಸ್ತೆಯಲ್ಲೇ, ಕಚೇರಿಯಿಂದ ಹೊರಟವರ ಗುಂಪಿನ ಜೊತೆ ನಡೆಯಿರಿ. ಇಡೀ ಬೀದಿ ತಿನ್ನಲು ಹೋಗಬೇಡಿ. ಒಂದು ದಿನ ಪಡ್ಡು, ಒಂದು ದಿನ ಅಕ್ಕಿರೊಟ್ಟಿ, ಒಂದು ದಿನ ಮೆಣಸಿನಕಾಯಿ ಬಜ್ಜಿ. ಬಜ್ಜಿಯ ವಿಷಯದಲ್ಲಿ ದಾವಣಗೆರೆಯೇ ಮೇಲು, ಇದನ್ನು ನಾನು ಯಾರೆದುರೂ ಹೇಳಬಲ್ಲೆ. ಹತ್ತಿರದ ವಿ.ಬಿ. ಬೇಕರಿ ತೆರೆದಿದ್ದರೆ ಮಾರನೆಯ ಸಂಜೆಗೆ ಕಾಂಗ್ರೆಸ್ ಕಡಲೆಕಾಯಿ ಅನ್ನುವ ಖಾರದ ಕಡಲೆಬೀಜ ಕಟ್ಟಿಸಿಕೊಳ್ಳಿ. ಯಾವುದು ತಿಂದರೂ ಕೊನೆಗೆ ಒಂದು ಹೋಳಿಗೆ. ಕಾವಲಿಯಿಂದ ಎತ್ತಿ ತುಪ್ಪ ಸುರಿದು ಕಾಗದದಲ್ಲಿ ಕೊಡುತ್ತಾರೆ, ಕೈ ಸುಡುತ್ತದೆ.

ಪಿಜಿ ಆಂಟಿ ಬಂದ ಶನಿವಾರ ನಾವಿಬ್ಬರೂ ಅದನ್ನು ಅರ್ಧ ಅರ್ಧ ಮಾಡಿಕೊಂಡು ನ್ಯಾಷನಲ್ ಕಾಲೇಜಿನ ಕಡೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಅವರು ಏನೂ ಮಾತಾಡಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ನೋಡಿದರೆ, ತುಪ್ಪದ ಕೈಯನ್ನು ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಮಡಿಚುತ್ತಿದ್ದರು, ಕಿರುಬೆರಳಿಂದ.