ಏರ್‌ಪೋರ್ಟ್ ತಪಾಸಣೆ ಬಗ್ಗೆ ತಕರಾರಿದೆಯೇ? ಜಗಳವಿಲ್ಲದೆ ಪ್ರತಿಭಟಿಸುವುದು ಹೀಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ಸಾಲಿನಲ್ಲಿ ನಿಂತವರೆಲ್ಲ ದಿನಾ ವಿಮಾನ ಹತ್ತುವವರಲ್ಲ. ಗದಗಿನಿಂದ ದೊಡ್ಡ ಆಸ್ಪತ್ರೆಗೆ ಹೊರಟವರು, ಹಾವೇರಿಯಿಂದ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ಮೊದಲ ಸಲ ವಿಮಾನ ನೋಡುತ್ತಿರುವ ಹಿರಿಯರು ಇರುತ್ತಾರೆ. ಮೊಣಕಾಲಿನ ಆಪರೇಷನ್ ಆಗಿರುವ ಅಜ್ಜಿಯೊಬ್ಬರು ಲೋಹ ಪತ್ತೆ ಮಾಡುವ ಬಾಗಿಲು ದಾಟಿದರೆ ಅದು ಕೂಗಿಕೊಳ್ಳುತ್ತದೆ. ಅವರನ್ನು ಪರದೆಯೊಳಗೆ ಕರೆಯುತ್ತಾರೆ. ಕೈಯಲ್ಲಿ ಹಿಡಿಯುವ ಯಂತ್ರ ಮೊಣಕಾಲಿನ ಹತ್ತಿರ ಬಂದಾಗಲೆಲ್ಲ ಮತ್ತೆ ಸದ್ದು. ಒಳಗೆ ಲೋಹದ ಕೀಲು ಇದೆ ಎಂದು ಹೇಳಬೇಕು, ಎದುರಿಗಿರುವವರಿಗೆ ಕನ್ನಡ ಬಾರದು. ಬಳೆ, ಪರ್ಸು, ಊರುಗೋಲು ಎಲ್ಲ ಟ್ರೇಯಲ್ಲಿ ಮುಂದೆ ಹೋಗಿರುತ್ತವೆ. ಜೊತೆಗೆ ಬಂದ ಮಗನಿಗೆ ಸಿಟ್ಟು ಬರದೇ ಇರುತ್ತದೆಯೇ?

ಸಿಟ್ಟು ಸರಿಯಾದದ್ದೇ. ಆದರೆ ಅದನ್ನು ಎದುರಿಗಿರುವ ಸಿಬ್ಬಂದಿಯ ಮೇಲೆ ಹಾಕಿದರೆ ನಿಮ್ಮ ವಿಮಾನ ತಪ್ಪುತ್ತದೆ, ನಿಯಮ ಮಾತ್ರ ಹಾಗೇ ಇರುತ್ತದೆ. ಆ ನಿಯಮವನ್ನು ಬರೆದವರು ದೆಹಲಿಯಲ್ಲಿದ್ದಾರೆ. ನಿಮ್ಮ ತಕರಾರು ಅವರ ಟೇಬಲ್ ಮೇಲೆ, ತಾರೀಖು ಸಮೇತ, ಕಾಗದದಲ್ಲಿ ಬೀಳಬೇಕು. ಹಾಗೆ ಬಿದ್ದಾಗ ನಿಯಮ ಬದಲಾದದ್ದಿದೆ. ಅದರ ದಾರಿ ಇಲ್ಲಿದೆ.

ಮೊದಲು: ತಕರಾರು ಯಾರ ಮೇಲೆ?

ಇದನ್ನು ಗುರುತಿಸದೆ ದೂರು ಕೊಟ್ಟರೆ ಅದು ಇಲಾಖೆಯಿಂದ ಇಲಾಖೆಗೆ ಸುಮ್ನೆ ತಿರುಗುತ್ತದೆ.

ಯಾವ ವಸ್ತು ಬಿಡಬೇಕು, ಯಾರನ್ನು ಹೇಗೆ ತಪಾಸಣೆ ಮಾಡಬೇಕು ಎಂಬ ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಜನ ಬಿಸಿಎಎಸ್ ಎನ್ನುತ್ತಾರೆ. 1978ರಲ್ಲಿ ಒಂದು ಚಿಕ್ಕ ಘಟಕವಾಗಿ ಶುರುವಾಯಿತು. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತ ಮೇಲೆ, 1987ರಲ್ಲಿ ಅದನ್ನು ಸ್ವತಂತ್ರ ಇಲಾಖೆ ಮಾಡಿದರು. ಈ ಹಿನ್ನೆಲೆ ನೆನಪಿರಲಿ. ತಪಾಸಣೆಯೇ ಬೇಡ ಎನ್ನುವ ಅರ್ಜಿಯನ್ನು ಅಲ್ಲಿ ಯಾರೂ ಓದುವುದಿಲ್ಲ. ಹೀಗೆ ಮಾಡಿದರೆ ಭದ್ರತೆಗೂ ಧಕ್ಕೆ ಇಲ್ಲ, ಮನುಷ್ಯನ ಮರ್ಯಾದೆಗೂ ಧಕ್ಕೆ ಇಲ್ಲ ಎನ್ನುವ ಅರ್ಜಿಗೆ ಬೆಲೆ ಇದೆ.

ಆ ನಿಯಮ ಜಾರಿ ಮಾಡುವವರು ಬೇರೆ. ಕೆಲವು ನಿಲ್ದಾಣಗಳಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, ಕೆಲವು ಕಡೆ ರಾಜ್ಯದ ಪಡೆ. ಕುರ್ಚಿ, ಪರದೆ, ಗಾಲಿಕುರ್ಚಿ ಹೋಗುವ ಜಾಗ, ಕನ್ನಡ ಫಲಕ ಇವು ನಿಲ್ದಾಣದ ಆಡಳಿತದ ಹೊಣೆ. ಹುಬ್ಬಳ್ಳಿಯಲ್ಲಿ ಅದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಏರ್‌ಲೈನ್ಸ್ ಸಿಬ್ಬಂದಿ ತಪ್ಪು ಮಾಡಿದ್ದರೆ ದೂರು ಆ ಕಂಪನಿಗೆ, ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ).

ಸಾಲಿನಲ್ಲಿ ನಿಂತಾಗ

ಬಾಂಬ್ ಎನ್ನುವ ಪದ ತಮಾಷೆಗೂ ಬಾಯಿಂದ ಬರಬಾರದು. "ಬ್ಯಾಗಿನಲ್ಲೇನು ಬಾಂಬ್ ಇದೆಯಾ?" ಎಂದು ವ್ಯಂಗ್ಯವಾಗಿ ಕೇಳಿದವರನ್ನೂ ವಿಮಾನದಿಂದ ಇಳಿಸಿ ಪೊಲೀಸರಿಗೆ ಒಪ್ಪಿಸಿದ್ದಾರೆ. ಸಿಬ್ಬಂದಿಯ ಕೈ ತಳ್ಳಬೇಡಿ. ತಪಾಸಣೆ ಜಾಗದಲ್ಲಿ ಮೊಬೈಲ್ ಎತ್ತಿ ವಿಡಿಯೊ ಮಾಡಬೇಡಿ, ಅಲ್ಲಿ ಚಿತ್ರೀಕರಣಕ್ಕೆ ಅವಕಾಶವಿಲ್ಲ. ಸಾಲಿನಲ್ಲೇ ಕುಳಿತು ಧರಣಿ ಮಾಡಿದರೆ ನಿಮ್ಮ ಹಿಂದಿರುವ ಹತ್ತಾರು ಜನಕ್ಕೆ ತ್ರಾಸು, ಅವರೆಲ್ಲ ನಿಮ್ಮ ವಿರುದ್ಧವೇ ಆಗುತ್ತಾರೆ.

ಹಾಗಾದರೆ ಮಾಡುವುದೇನು? ಕೇಳುವುದು. ಮಹಿಳೆಯರ ಮೈ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ, ಪರದೆಯೊಳಗೆ ಮಾಡಬೇಕು. ಪೇಸ್‌ಮೇಕರ್ ಇರುವವರು ಯಂತ್ರದ ಬದಲು ಕೈಯಿಂದ ತಪಾಸಣೆ ಮಾಡಿ ಎಂದು ಕೇಳಬಹುದು. ಬ್ಯಾಗ್ ಬಿಚ್ಚುವುದಾದರೆ "ನನ್ನ ಎದುರಿಗೇ ಬಿಚ್ಚಿ" ಎನ್ನಿ. ಒಪ್ಪದಿದ್ದರೆ ಮೇಲಿನ ಅಧಿಕಾರಿಯನ್ನು ಕರೆಯಲು ಹೇಳಿ. ದನಿ ಏರಿಸದೆ ಇಷ್ಟು ಹೇಳಿದರೆ ಸಾಕು: "ಸರ್, ತಪಾಸಣೆಗೆ ನಾನು ಒಪ್ಪುತ್ತೇನೆ. ಆದರೆ ಈ ರೀತಿಗೆ ನನ್ನ ಆಕ್ಷೇಪ ಇದೆ. ಆಮೇಲೆ ಬರೆದು ಕೊಡುತ್ತೇನೆ." ಈ ಮಾತು ಕೇಳಿದ ಮೇಲೆ ಎಷ್ಟೋ ಸಲ ವರ್ತನೆಯೇ ಮೆತ್ತಗಾಗುತ್ತದೆ.

ಒಳಗೆ ಹೋಗಿ ಕುಳಿತ ತಕ್ಷಣ ಬರೆದಿಟ್ಟುಕೊಳ್ಳಿ. ಸಮಯ, ಎಷ್ಟನೇ ಸಾಲು, ಎದೆಪಟ್ಟಿಯ ಮೇಲಿದ್ದ ಹೆಸರು, ಆಡಿದ ಮಾತು ಎಲ್ಲವೂ ಇರಲಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ, ಅದೇ ನಿಮ್ಮ ಸಾಕ್ಷಿ.

ಒಪ್ಪದೇ ಇರುವ ಹಕ್ಕು

ಒಂದು ಪ್ರತಿಭಟನೆಗೆ ಅರ್ಜಿಯೂ ಬೇಡ. ಡಿಜಿಯಾತ್ರಾ ಎಂಬ ಮುಖ ಗುರುತಿಸುವ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಗಿ ಬೇರೆ ನಿಲ್ದಾಣಗಳಿಗೂ ಹಬ್ಬಿದೆ. ಅದು ಕಡ್ಡಾಯವಲ್ಲ ಎಂದು ಸರ್ಕಾರವೇ ಹೇಳಿದೆ. ನಡೆಸುವುದು ಡಿಜಿಯಾತ್ರಾ ಫೌಂಡೇಷನ್ ಎಂಬ ಕಂಪನಿ, ಅದರಲ್ಲಿ ಪ್ರಾಧಿಕಾರದ ಪಾಲು ಶೇ 26 ಮಾತ್ರ. ನನ್ನ ಮುಖದ ಗುರುತು ಯಾಕೆ ಕೊಡಬೇಕು ಎನ್ನುವವರು ಮಾಮೂಲಿ ಸಾಲಿಗೆ ಹೋಗಿ ಆಧಾರ್ ಅಥವಾ ವೋಟರ್ ಕಾರ್ಡ್ ತೋರಿಸಿದರೆ ಮುಗಿಯಿತು. ಗೇಟಿನಲ್ಲಿ ಯಾರಾದರೂ ಬಂದು "ಫೋಟೊ ಕೊಡಿ, ಲಗೂ ಆಗುತ್ತೆ" ಎಂದರೆ "ಬೇಡ" ಎನ್ನಿ. ಅಪ್ಪ-ಅಮ್ಮನನ್ನು ಒಂಟಿಯಾಗಿ ಕಳಿಸುವವರು ಈ ಒಂದು ಮಾತು ಅವರಿಗೆ ಮೊದಲೇ ಹೇಳಿಕೊಡಬೇಕು. ಬೇಡ ಎನ್ನಬಹುದು ಎಂಬುದೇ ಹಿರಿಯರಿಗೆ ಗೊತ್ತಿರುವುದಿಲ್ಲ ಅಲ್ವಾ?

ದೂರು ಬರೆಯುವ ರೀತಿ

ನನ್ನ ಪ್ರಕಾರ ಇದೇ ಮುಖ್ಯ ಹೆಜ್ಜೆ, ಜನ ಸೋಲುವುದೂ ಇಲ್ಲೇ. "ಹುಬ್ಬಳ್ಳಿ ಏರ್‌ಪೋರ್ಟ್‌ನಲ್ಲಿ ನಮ್ಮ ತಾಯಿಗೆ ಬಹಳ ಅವಮಾನವಾಯಿತು, ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ "ಸಿಬ್ಬಂದಿಗೆ ತಿಳಿವಳಿಕೆ ನೀಡಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ. ಹೀಗೆ ಬರೆದು ನೋಡಿ:

"ಇಂಥ ತಾರೀಖು ಬೆಳಿಗ್ಗೆ 7.40ಕ್ಕೆ ಮಹಿಳೆಯರ ತಪಾಸಣೆ ಜಾಗದಲ್ಲಿ 71 ವರ್ಷದ ನನ್ನ ತಾಯಿಯನ್ನು 12 ನಿಮಿಷ ನಿಲ್ಲಿಸಿದರು. ಮೊಣಕಾಲು ಬದಲಿಸಿದ ಆಪರೇಷನ್ನಿನ ಡಾಕ್ಟರ್ ಪತ್ರ ತೋರಿಸಿದರೂ ಕುಳಿತುಕೊಳ್ಳಲು ಕುರ್ಚಿ ಕೊಡಲಿಲ್ಲ. ಊರುಗೋಲನ್ನು ಯಂತ್ರದಲ್ಲಿ ಹಾಕಿ ಕೊನೆಯವರೆಗೂ ಕೊಡಲಿಲ್ಲ. ಮೂರು ಕೋರಿಕೆಗಳಿವೆ. ತಪಾಸಣೆ ಪರದೆಯೊಳಗೆ ಒಂದು ಕುರ್ಚಿ ಇಡಬೇಕು. ಊರುಗೋಲನ್ನು ಮೊದಲು ಪರೀಕ್ಷಿಸಿ ತಕ್ಷಣ ವಾಪಸ್ ಕೊಡಬೇಕು. ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕು."

ಇದರಲ್ಲಿ ಒಂದೂ ಬೈಗುಳ ಇಲ್ಲ. ಪ್ರತಿ ಕೋರಿಕೆಗೂ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಉತ್ತರಿಸಲೇಬೇಕು. ಅಧಿಕಾರಿಗೆ ನುಣುಚಿಕೊಳ್ಳಲು ಜಾಗ ಇರುವುದಿಲ್ಲ.

ಇದನ್ನು ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಅಥವಾ ಆ್ಯಪ್‌ನಲ್ಲಿ ಹಾಕಿ. 2016ರಿಂದ ನಡೆಯುತ್ತಿದೆ. ಅಲ್ಲಿ ಉತ್ತರ ಸರಿ ಬಾರದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿ. 2024ರ ಆಗಸ್ಟ್‌ನ ಸೂಚನೆಯಂತೆ ಅಲ್ಲಿ 21 ದಿನದೊಳಗೆ ಉತ್ತರ ಕೊಡಬೇಕು, ಮೇಲ್ಮನವಿಗೂ ಅವಕಾಶ ಇದೆ. ಜೊತೆಗೆ ಒಂದು ಪ್ರತಿಯನ್ನು ಹುಬ್ಬಳ್ಳಿ ನಿಲ್ದಾಣದ ನಿರ್ದೇಶಕರ ಕಚೇರಿಗೆ ಖುದ್ದಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಕರಾರು ನಿಯಮದ ಮೇಲೇ ಇದ್ದರೆ ಬಿಸಿಎಎಸ್‌ಗೆ ಸ್ಪೀಡ್ ಪೋಸ್ಟ್ ಮಾಡಿ.

ಹತ್ತು ರೂಪಾಯಿಯ ಅರ್ಜಿ

ಒಂದು ತಿಂಗಳಾದರೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಿಲ್ಲ. ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು ಎಂದು 2005ರ ಕಾಯ್ದೆಯ 6ನೇ ಕಲಮೇ ಹೇಳುತ್ತದೆ. ಅಂದರೆ ಇಲ್ಲಿ ಕುಳಿತು ಕೇಂದ್ರದ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು.

ಒಂದು ಎಚ್ಚರಿಕೆ. ಸಿಐಎಸ್‌ಎಫ್ ಈ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ಟು ಬೇರೆ ಮಾಹಿತಿ ಕೊಡಬೇಕಿಲ್ಲ. ಆದ್ದರಿಂದ ಅರ್ಜಿಯನ್ನು ಪ್ರಾಧಿಕಾರಕ್ಕೋ ಬಿಸಿಎಎಸ್‌ಗೋ ಹಾಕಿ. ಕ್ಯಾಮೆರಾ ಎಲ್ಲಿದೆ, ಎಷ್ಟು ಜನ ಕಾವಲಿದ್ದಾರೆ ಎಂದು ಕೇಳಿದರೆ ಭದ್ರತೆಯ ಹೆಸರಿನಲ್ಲಿ ತಿರಸ್ಕರಿಸುತ್ತಾರೆ, ಅದು ನ್ಯಾಯವೇ. ನನ್ನ ದೂರಿನ ಮೇಲೆ ಏನು ಕ್ರಮವಾಯಿತು, ಎರಡು ವರ್ಷದಲ್ಲಿ ಇಂಥ ದೂರು ಎಷ್ಟು ಬಂದಿವೆ ಎಂದು ಕೇಳಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಒಬ್ಬರಿಂದ ಹತ್ತು ಜನ

ಹೋರಾಟ ನಮ್ಮ ಭಾಗಕ್ಕೆ ಯಾರೂ ಕಲಿಸಬೇಕಿಲ್ಲ. ಕಳಸಾ-ಬಂಡೂರಿಗಾಗಿ ನರಗುಂದದಲ್ಲಿ 2015ರಲ್ಲಿ ಕುಳಿತ ರೈತರು ವರ್ಷಗಟ್ಟಲೆ ಎದ್ದಿರಲಿಲ್ಲ. ವಿಮಾನ ನಿಲ್ದಾಣದ ವಿಷಯದಲ್ಲಿ ಮಾತ್ರ ಜಾಗ ನೋಡಿಕೊಳ್ಳಬೇಕು. ನಿಲ್ದಾಣದ ಆವರಣ ಬೇಡ. ಪೊಲೀಸ್ ಕಮಿಷನರೇಟಿನ ಅನುಮತಿ ಪಡೆದು ಊರೊಳಗೆ ಫಲಕ ಹಿಡಿದು ನಿಂತು, ಮನವಿ ಕೊಟ್ಟು ಬರುವುದು ಒಳ್ಳೆಯದು.

ಅದಕ್ಕಿಂತ ಹೆಚ್ಚು ಕೆಲಸ ಮಾಡುವ ಬಾಗಿಲು ಇನ್ನೊಂದಿದೆ. ಪ್ರಾಧಿಕಾರದ ನಿಲ್ದಾಣಗಳಿಗೆ ಸ್ಥಳೀಯ ಸಂಸದರ ಅಧ್ಯಕ್ಷತೆಯ ಸಲಹಾ ಸಮಿತಿ ಇರುತ್ತದೆ. ಹಿರಿಯ ನಾಗರಿಕರ ಸಂಘ, ಅಂಗವಿಕಲರ ಸಂಘ, ವಾಣಿಜ್ಯೋದ್ಯಮ ಸಂಸ್ಥೆ ಸೇರಿ ಸಮಿತಿಗೆ ಮನವಿ ಕೊಟ್ಟರೆ ವಿಷಯ ನಡಾವಳಿಯಲ್ಲಿ ದಾಖಲಾಗುತ್ತದೆ. ಹಾವೇರಿ, ಗದಗ ಪಟ್ಟಣದವರು ಹಾವೇರಿ ಸಂಸದರಿಗೆ, ನರಗುಂದದವರು ಬಾಗಲಕೋಟೆ ಸಂಸದರಿಗೆ ಬರೆದು ಲೋಕಸಭೆಯಲ್ಲಿ ಪ್ರಶ್ನೆ ಕೇಳಿಸಬಹುದು. ಪ್ರಶ್ನೆಗೆ ಸಚಿವರು ಉತ್ತರ ಕೊಡಲೇಬೇಕು, ಅದು ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಇದೆಲ್ಲ ಆಗುವ ಮಾತೇ ಎನ್ನುವವರು 2022ರ ಮಾರ್ಚ್ ನೋಡಬೇಕು. ದೇಶದೊಳಗಿನ ವಿಮಾನಗಳಲ್ಲಿ ಸಿಖ್ ಪ್ರಯಾಣಿಕರು ತಮ್ಮ ಧರ್ಮದ ಗುರುತಾದ ಚಿಕ್ಕ ಕತ್ತಿ ಕಿರ್ಪಾಣನ್ನು ಅಳತೆ ಮೀರದಿದ್ದರೆ ಧರಿಸಬಹುದು, ಆದರೆ ನಿಲ್ದಾಣದ ಸಿಖ್ ನೌಕರರು ಧರಿಸುವಂತಿಲ್ಲ ಎಂದು ಬಿಸಿಎಎಸ್ ಆದೇಶಿಸಿತ್ತು. ಗುರುದ್ವಾರಗಳ ಆಡಳಿತ ನೋಡುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಬರೆದು ವಿರೋಧಿಸಿತು. ಅದೇ ತಿಂಗಳು ನೌಕರರ ಮೇಲಿನ ನಿಷೇಧ ಹೋಯಿತು.

ನರ್ತಕಿ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ ಮಾಡಿದ್ದು ಇನ್ನೂ ಸರಳ. ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಾರೆ ಎಂದು ಒಂದು ವಿಡಿಯೊದಲ್ಲಿ ಪ್ರಧಾನಿಗೆ ಮನವಿ ಮಾಡಿದರು. ಯಾರನ್ನೂ ಬೈಯಲಿಲ್ಲ. ಸಿಐಎಸ್‌ಎಫ್ ಕ್ಷಮೆ ಕೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅವರ ಪ್ರಕರಣದಲ್ಲಿ, ಮನುಷ್ಯನ ಘನತೆ ಕಾಯಲು ಕೃತಕ ಅಂಗ ಬಿಚ್ಚಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂಥ ತೊಂದರೆ ಇರುವವರು ಆ ಆದೇಶದ ಪ್ರತಿಯನ್ನು ಡಾಕ್ಟರ್ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಕೋರ್ಟಿಗೇ ಹೋಗಬೇಕಾದರೆ ನಮಗೆ ಧಾರವಾಡದ ಹೈಕೋರ್ಟ್ ಪೀಠ ಇದೆ. ಮಹಿಳೆಯರಿಗೆ, ಅಂಗವಿಕಲರಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಅಮೆರಿಕಕ್ಕೆ ಹೊರಟವರಿಗೆ

ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಧಾರವಾಡದ ಅಪ್ಪ-ಅಮ್ಮಂದಿರು ಬಹಳ. ಅಲ್ಲಿಯೂ ಈ ಜಗಳ ಹಳೆಯದು. ಮೈಯೆಲ್ಲ ಕಾಣುವಂಥ ಸ್ಕ್ಯಾನರ್ ವಿರೋಧಿಸಿ 2010ರ ನವೆಂಬರ್ 24ರಂದು, ಸ್ಕ್ಯಾನರ್ ಬೇಡ ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳುವ ದಿನಕ್ಕೆ ಕರೆ ಕೊಟ್ಟಿದ್ದರು. ಆ ದಿನ ದೊಡ್ಡದೇನೂ ಆಗಲಿಲ್ಲ. ಆದರೆ ಒಂದು ಸಂಸ್ಥೆ ಕೋರ್ಟಿಗೆ ಹೋಯಿತು, ಸಂಸತ್ತು ಗೋಪ್ಯತೆಯ ಷರತ್ತು ಹಾಕಿತು. ಅದನ್ನು ಪೂರೈಸಲಾಗದ ಯಂತ್ರಗಳನ್ನು 2013ರಲ್ಲಿ ತೆಗೆದರು. ಸ್ಕ್ಯಾನರ್ ಬೇಡ ಎನ್ನುವ ಅವಕಾಶ ಸಾಮಾನ್ಯವಾಗಿ ಈಗಲೂ ಇದೆ. ಹಿರಿಯರಿಗೆ ನೆರವು ಬೇಕಿದ್ದರೆ ಅಲ್ಲಿ ತಪಾಸಣೆ ನಡೆಸುವ ಸಂಸ್ಥೆ ಟಿಎಸ್ಎಯ ಸಹಾಯವಾಣಿ ಟಿಎಸ್ಎ ಕೇರ್ಸ್‌ಗೆ 72 ಗಂಟೆ ಮುಂಚೆ ತಿಳಿಸಬೇಕು. ಅಲ್ಲಿ ವಾದ ಮಾಡುವುದು ಬೇಡ, ವೀಸಾ ಮೇಲೆ ಹೋದವರಿಗಂತೂ ಬೇಡವೇ ಬೇಡ. ದೂರನ್ನು ಮಗನೋ ಮಗಳೋ ಬರೆಯಲಿ.

ಯಾವಾಗ ಬರೆಯಬೇಕು

ಕೆಲವು ಕೋರಿಕೆಗಳಿಗೆ ಹೊತ್ತು ಮುಖ್ಯ. ತೆಂಗಿನಕಾಯಿಯನ್ನು ಕೈಚೀಲದಲ್ಲಿ ಬಿಡುತ್ತಿರಲಿಲ್ಲ. ಇರುಮುಡಿ ಹೊತ್ತ ಅಯ್ಯಪ್ಪ ಭಕ್ತರಿಗೆ ಇದು ದೊಡ್ಡ ನೋವಾಗಿತ್ತು. 2024ರ ಅಕ್ಟೋಬರ್‌ನಲ್ಲಿ, ಮಂಡಲ ಪೂಜೆಯ ಕಾಲಕ್ಕೆ ಸರಿಯಾಗಿ, ತುಪ್ಪ ತುಂಬಿದ ಕಾಯಿಯನ್ನು ತಪಾಸಣೆ ಮಾಡಿ ಬಿಡಲು ಅನುಮತಿ ಬಂತು, ಅದೂ 2025ರ ಜನವರಿ 20ರವರೆಗೆ ಮಾತ್ರ. ಇಂಥ ವಿನಾಯಿತಿ ಬೇಕೆನ್ನುವ ನಮ್ಮ ಕಡೆಯ ಭಜನಾ ಮಂಡಳಿಗಳು ಮಾಲೆ ಹಾಕುವ ದಿನದವರೆಗೆ ಕಾಯಬಾರದು. ಆಗಸ್ಟ್‌ನಲ್ಲೇ ಗುರುಸ್ವಾಮಿಗಳ ಸಹಿ ಹಾಕಿಸಿ ಸಚಿವಾಲಯಕ್ಕೂ ಬಿಸಿಎಎಸ್‌ಗೂ ಮನವಿ ಕಳಿಸಿ, ಒಂದು ಪ್ರತಿಯನ್ನು ಸಂಸದರ ಕಚೇರಿಗೆ ಕೊಡಿ. ಸೆಪ್ಟೆಂಬರ್ ಕೊನೆಗೆ ಉತ್ತರ ಬಾರದಿದ್ದರೆ ನೆನಪೋಲೆ ಹಾಕಿ, ಅದರಲ್ಲಿ ಮೊದಲ ಪತ್ರದ ತಾರೀಖು ಮತ್ತು ಸ್ಪೀಡ್ ಪೋಸ್ಟ್ ನಂಬರ್ ಬರೆಯುವುದನ್ನು ಮರೆಯಬೇಡಿ.