ಅಟ್ಟದಿಂದ ಇಳಿಸಿದ ಆಟದ ಕಂಪ್ಯೂಟರ್

ಕಳೆದ ಆಷಾಢದಲ್ಲಿ, ಕರೆಂಟು ಇದ್ದ ಹೊತ್ತು ನೋಡಿಕೊಂಡು ಹಳೇ ಆಟಗಳಿಗೆ ಅಂತಲೇ ಒಂದು ಕಂಪ್ಯೂಟರ್ ಜೋಡಿಸಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ ಎರಡು ಸತ್ತ ಕ್ಯಾಬಿನೆಟ್ ಬಿದ್ದಿದ್ದವು. ಒಂದರೊಳಗೆ ತೀರಾ ಹಳೇ ಪೆಂಟಿಯಂ 3 ಪ್ರೊಸೆಸರ್, ಇನ್ನೊಂದರಲ್ಲಿ ಆಮೇಲಿನ ಕೋರ್ 2 ಡ್ಯುಯೊ.

ಮನಸ್ಸು ಎಳೆದದ್ದು ಪೆಂಟಿಯಂ ಕಡೆಗೇ. ವಿಂಡೋಸ್ 98 ಹಾಕಬಹುದಲ್ವಾ! ಆದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿ ತಲೆ ಒಡೆದಿದ್ದವು. ಅದಕ್ಕೆ ಹೊಂದುವ ಬಿಡಿಭಾಗ ಹುಡುಕುತ್ತಾ ಕೂತರೆ ಆಟ ಆಡುವುದು ಯಾವಾಗ? ಅದನ್ನು ವಾಪಸ್ ಅಟ್ಟಕ್ಕೆ ಏರಿಸಿದೆ.

ಕೋರ್ 2 ಡ್ಯುಯೊದ್ದು ಇಂಟೆಲ್‌ನ ಜಿ31 ಚಿಪ್‌ಸೆಟ್ ಇರುವ ಬೋರ್ಡ್. ಅದರ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ, ಸಿಡಿಲಿಗೆ ಹೋಗಿತ್ತು. ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಫ್ಯಾನಿನ ಮೇಲೆ ಹಲ್ಲಿ ಮೊಟ್ಟೆ. ಮಲೆನಾಡಿನಲ್ಲಿ ವೈರಸ್‌ಗಿಂತ ಇವುಗಳ ಕಾಟವೇ ಜಾಸ್ತಿ. ಶಿವಮೊಗ್ಗಕ್ಕೆ ಹೋಗಿ ಹೊಸ ಎಸ್‌ಎಂಪಿಎಸ್, ಬೋರ್ಡಿಗೆ ಸಿಆರ್2032 ಗುಂಡಿ ಬ್ಯಾಟರಿ, ಪ್ರೊಸೆಸರ್ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್, 120 ಜಿಬಿ ಎಸ್‌ಎಸ್‌ಡಿ ತಂದೆ. ದುಡ್ಡು ಕೊಟ್ಟು ತಂದದ್ದು ಇಷ್ಟೇ. ಹಳೇ ಎಸ್‌ಎಂಪಿಎಸ್ ರಿಪೇರಿ ಮಾಡಿಸುವ ಯೋಚನೆ ಮಾತ್ರ ಬೇಡ. ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಬೋರ್ಡನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಒಣಗಿಸಲು ಬಿಸಿಲು ಎಲ್ಲಿಂದ ತರೋದು? ಕೋಳಿಮರಿಗೆ ಮಾಡುವ ಹಾಗೆ ಬುಟ್ಟಿ ಕವುಚಿ, ಒಳಗೆ 60 ವ್ಯಾಟ್ ಬಲ್ಬು ಉರಿಸಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಬರೀ ಉದ್ದುದ್ದ ಬೀಪ್.

“ಮಾವಾ, ಅದು ಅಳ್ತಾ ಇದೆ,” ಅಂದ ಅಕ್ಕನ ಮಗ.

ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಅವನದೇ ರಬ್ಬರ್‌ನಿಂದ ತಿಕ್ಕಿದೆ. ಅಳು ನಿಂತಿತು.

ವಿಂಡೋಸ್ ಎಕ್ಸ್‌ಪಿ ಹಾಕುವುದು ಈ ಬೋರ್ಡಿನಲ್ಲಿ ಸಲೀಸು. ಇದರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿ ಎಕ್ಸ್‌ಪಿಯ ಕಣ್ಣಿಗೆ ಹಳೇ ಐಡಿಇ ಕಿಂಡಿಯ ಥರವೇ ಕಾಣುವುದರಿಂದ ಬೇರೆ ಡ್ರೈವರ್ ಕೇಳಲಿಲ್ಲ. ಆಮೇಲಿನ ಬೋರ್ಡುಗಳಲ್ಲಿ ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಹೋಗಿ ಎಎಚ್‌ಸಿಐ ಎಂಬ ಹೊಸ ಮಾದರಿಯ ಬದಲು ಐಡಿಇ ಆರಿಸದಿದ್ದರೆ ನೀಲಿ ಪರದೆ ಗ್ಯಾರಂಟಿ. ಎಸ್‌ಎಸ್‌ಡಿಯ ಪಾರ್ಟಿಷನ್ ಮಾತ್ರ ಹೊಸ ಲ್ಯಾಪ್‌ಟಾಪಿನಲ್ಲೇ ಮಾಡಿಕೊಂಡೆ, ಎಂಬಿಆರ್ ಎಂಬ ಹಳೇ ಮಾದರಿಯಲ್ಲಿ. ಎಕ್ಸ್‌ಪಿ ತಾನೇ ಪಾರ್ಟಿಷನ್ ಮಾಡಿದರೆ ಅದು ಎಸ್‌ಎಸ್‌ಡಿಯ ಅಳತೆಗೆ ಸರಿಯಾಗಿ ಕೂರುವುದಿಲ್ಲ. ರ‍್ಯಾಮ್ 2 ಜಿಬಿ ಇತ್ತು, ಧಾರಾಳ.

ಇಂಟರ್ನೆಟ್ ಕೊಡಲಿಲ್ಲ. ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ 2014ರಲ್ಲೇ ನಿಂತಿದೆ. ಆಟಗಳೆಲ್ಲ ಪೆನ್‌ಡ್ರೈವ್‌ನಲ್ಲೇ ಬರುತ್ತವೆ.

ರೋಡ್ ರ‍್ಯಾಶ್, ವೈಸ್ ಸಿಟಿ ನೇರವಾಗಿ ಓಡಿದವು. ವೈಸ್ ಸಿಟಿಯಲ್ಲಿ ಚಿತ್ರದ ವೇಗಕ್ಕೆ ಮಿತಿ ಹಾಕುವ ಫ್ರೇಮ್ ಲಿಮಿಟರ್ ಆನ್ ಇರಲಿ, ಇಲ್ಲದಿದ್ದರೆ ಕಾರು ವಿಚಿತ್ರವಾಗಿ ಆಡುತ್ತದೆ. ಡೇಂಜರಸ್ ಡೇವ್‌ಗೆ, ಹಳೇ ಡಾಸ್ ಕಂಪ್ಯೂಟರಿನ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಬೇಕಾಯಿತು. ಎಕ್ಸ್‌ಪಿ ಡಾಸ್ ಮೇಲೆ ನಿಂತದ್ದಲ್ಲ, ಹಳೇ ಆಟಗಳ ಸೌಂಡು ಸರಿಯಾಗಿ ಬರುವುದಿಲ್ಲ. ಡಾಸ್‌ಬಾಕ್ಸಿನಲ್ಲಿ ಆಟ ತೀರಾ ಜೋರಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11, ತೆವಳಿದರೆ ಎಫ್12.

ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಕೆಲಸ ಅಕ್ಕನ ಮಗನದು. ಮಳೆಗಾಲದಲ್ಲಿ ಬೋರ್ಡಿಗೆ ಥಂಡಿ ಹಿಡಿಯಬಾರದು, ವಾರಕ್ಕೆರಡು ಸಲವಾದರೂ ಆಡಲೇಬೇಕು ಅಂತ ಅಮ್ಮನಿಗೆ ಹೇಳಿದ್ದೇನೆ. ಪೂರ್ತಿ ಸುಳ್ಳೇನಲ್ಲ.